ಬೆರಕೆ ಸೊಪ್ಪು ಮತ್ತು ಕರುವಿಗೆ ಹೇಳಿದ ಮಾತು

ಮೊನ್ನೆ ಗುರುವಾರದ ಬೆಳಗೂ ಬೇರೆ ದಿನಗಳಂತೆಯೇ ಶುರುವಾಯಿತು. ಚಾಮರಾಜನಗರದ ನಮ್ಮ ಬೀದಿಗೆ ಅಂದು ನೀರು ಬಿಡುವ ಸರದಿ. ನಲ್ಲಿ ಮೊದಲು ಬರೀ ಗಾಳಿಯನ್ನು ಉಸ್ಸೆಂದು ಬಿಟ್ಟು, ಆಮೇಲೆ ಒಂದಿಷ್ಟು ಕೆಂಪು ನೀರು ಉಗುಳಿ, ಕೊನೆಗೆ ತಿಳಿಯಾಗುವವರೆಗೆ ನಾನು ಬಕೆಟ್ ಹಿಡಿದು ನಿಂತಿದ್ದೆ. ಮೋಟುಗೋಡೆಯ ಆಚೆ ಪಕ್ಕದ ಮನೆಯ ನಾಗಮ್ಮನವರು ಹುಣಸೆಹಣ್ಣು ಹಾಕಿ ಕೊಡ ಉಜ್ಜುತ್ತಿದ್ದರು. ಹರದನಹಳ್ಳಿ ಕಡೆಯ ಹೆಂಗಸು, ಕೈ ಕೆಲಸದಲ್ಲಿದ್ದರೂ ಕಿವಿ ಬೀದಿಯಲ್ಲಿರುತ್ತದೆ. ನಾನು ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಎಳೆದು, ಯಜಮಾನರ ಡಬ್ಬಿಗೆ ಚಿತ್ರಾನ್ನ ಕಲಸಿ ಕಳಿಸಿದೆ. ದಿನಕ್ಕಿಂತ ಬೇರೆಯಾಗಿದ್ದದ್ದು ಒಂದೇ. ಹಿಂದಿನ ಸಂಜೆ ಗುಂಡ್ಲುಪೇಟೆ ಬಸ್ಸಿನಲ್ಲಿ ಬಂದಿಳಿದಿದ್ದ ನಮ್ಮ ಚಿಕ್ಕಮ್ಮ ಸರ್ವಮಂಗಳಮ್ಮನವರು ನಡುಮನೆಯಲ್ಲಿ ಕೂತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಖಾಲಿ ಹೊಟ್ಟೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಡಾಕ್ಟರನ್ನು ಕಂಡುಬರಬೇಕಿತ್ತು. ಎಲ್ಲ ಮುಗಿಸಿ ಬಂದು, ಎರಡು ಇಡ್ಲಿ ತಿಂದು, ತಮ್ಮ ಚೀಲದಿಂದ ಒದ್ದೆ ಬಟ್ಟೆಯ ಒಂದು ಗಂಟನ್ನು ತೆಗೆದು ನನ್ನ ಮುಂದಿಟ್ಟರು. "ಬೆರಕೆ ಸೊಪ್ಪು. ನಿಮ್ಮಜ್ಜಿ ಮಾಡ್ತಿದ್ರಲ್ಲ, ಆ ಥರ ಬಸ್ಸಾರು ಮಾಡು" ಅಂದರು.

ನಾನು ಗಂಟು ಬಿಚ್ಚಿದೆ. ಬೆರಕೆ ಸೊಪ್ಪು ಕಂಡವರಿಗೆ ಆ ವಾಸನೆ ಗೊತ್ತಿರುತ್ತದೆ. ಅಣ್ಣೆ, ಕಿರಕಸಾಲೆ, ಗಣಿಕೆ, ಹೊನಗೊನೆ, ಇನ್ನೂ ಹೆಸರು ಮರೆತ ಎಷ್ಟೋ ಕಳೆಗಿಡಗಳು ಒಂದರ ಮೈಗೆ ಒಂದು ಒತ್ತಿಕೊಂಡು ಬೆವೆತಾಗ ಬರುವ ವಾಸನೆ. ಅರ್ಧ ಮಣ್ಣು, ಅರ್ಧ ಹಸಿರು, ಎಲ್ಲೋ ಅಡಿಯಲ್ಲಿ ಒಂದು ಸಣ್ಣ ಕಹಿ. ಅದು ನನ್ನ ಮೂಗಿಗೆ ಬಡಿದದ್ದೇ ಅಡುಗೆಮನೆಯ ಬಿಳಿ ಟೈಲ್ಸು ಮಾಯವಾಗಿ, ತೆರಕಣಾಂಬಿ ರಸ್ತೆಯ ಪಕ್ಕದ ಹಳ್ಳಿಯಲ್ಲಿದ್ದ ನಮ್ಮ ಹಳೆಯ ಮನೆಯ ಕಪ್ಪು ಗೋಡೆ ಎದುರು ನಿಂತಿತು. ಅದರ ಮುಂದೆ ಕೂತು ಊದುಕೊಳವೆ ಊದುತ್ತಿದ್ದ ನನ್ನ ಅಜ್ಜಿ ಗುರುಮಲ್ಲಮ್ಮನ ಬಾಗಿದ ಬೆನ್ನೂ ಕಾಣಿಸಿತು. ಅದರ ಜೊತೆಗೆ ಎದೆಯಲ್ಲಿ ಇನ್ನೊಂದು ಎದ್ದಿತು. ಸಿಟ್ಟು. ನಾನು ಜೋರಾಗಿ ಮಾತಾಡುವ ಹೆಂಗಸಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ಹಾಗೆ ಬೆಳೆಸಿದರು. ಆದರೆ ಮೆತ್ತಗೆ ಮಾತಾಡುವವರ ಸಿಟ್ಟು ಬೇಗ ಕರಗುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪು. "ಸೋಸಿ ಕೊಡಿ, ಮಾಡ್ತೀನಿ" ಎಂದಷ್ಟೇ ಹೇಳಿ ಮೊರ ಅವರ ಮುಂದೆ ಇಟ್ಟೆ. ಅವರು ಅದನ್ನೆತ್ತಿಕೊಂಡು ಮುಂದಿನ ಜಗಲಿಗೆ ಹೋದರು.

ಅಜ್ಜಿಯ ಮನೆಗೆ ನಾನು ಬಂದದ್ದು ಕಾನ್ವೆಂಟಿಗೆ ಸೇರುವ ವಯಸ್ಸಿನಲ್ಲಿ. ಅಪ್ಪನಿಗೆ ಅರಣ್ಯ ಇಲಾಖೆಯಲ್ಲಿ ಕೆಲಸ, ಕೇರಳದ ಗಡಿಯ ಮದ್ದೂರಿನ ಕಡೆ ಕಾಡೊಳಗೆ ಕ್ವಾರ್ಟರ್ಸು. ಅಲ್ಲಿ ಆನೆಯ ಲದ್ದಿ ಸಿಗುತ್ತಿತ್ತೇ ಹೊರತು ಸ್ಕೂಲು ಸಿಗುತ್ತಿರಲಿಲ್ಲ. ಹಾಗಾಗಿ ಅವ್ವ ಕೈಗೂಸನ್ನು ಕಟ್ಟಿಕೊಂಡು ಅಪ್ಪನ ಜೊತೆ ಉಳಿದಳು. ನಾನು ಊರಿನಿಂದ ಗುಂಡ್ಲುಪೇಟೆಗೆ ದಿನಾ ವ್ಯಾನಿನಲ್ಲಿ ಹೋಗಿ ಬರುವುದೆಂದು ಗೊತ್ತಾಯಿತು. ಬಂದಾಗ ನಾನು ಕಡ್ಡಿ. ರಕ್ತ ಕಡಿಮೆ ಎಂದು ಡಾಕ್ಟರು ಕೆಂಪು ಟಾನಿಕ್ ಬರೆದುಕೊಟ್ಟಿದ್ದರು. ಅಜ್ಜಿ ಆ ಸೀಸೆಯನ್ನು ಗೂಡಿನಲ್ಲಿಟ್ಟು ಅದಕ್ಕೆ ಬೆನ್ನು ಹಾಕಿದಳು. ಮಳೆಗಾಲದಲ್ಲಿ ಸೊಪ್ಪು, ಚಳಿಗೆ ಅವರೆ, ಅವರೆ ಮುಗಿಯುತ್ತಲೇ ಹುರುಳಿ ಕಟ್ಟಿನ ಸಾರು. ಬಿಸಿಲು ಬಿದ್ದ ಮೇಲೆ ಹುರುಳಿಗೆ ರಜ, ನುಗ್ಗೆಕಾಯಿ, ಮಾವಿನಕಾಯಿ, ಹಲಸಿನ ಬೀಜ, ನೀರು ಮಜ್ಜಿಗೆ. ಮನೆಯ ಮೆಟ್ಟಿಲ ಮೇಲೆ ನಿಂತರೆ ಕಣ್ಣಿಗೆ ಬೀಳುವ ಹೊಲದಲ್ಲಿ ಏನಿದೆಯೋ ಅದು, ಇರುವಷ್ಟು ದಿನ. ಅಲ್ಲಿ ಇಲ್ಲದ್ದು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ವರ್ಷ ತಿರುಗುವಷ್ಟರಲ್ಲಿ ನನ್ನ ಕೆನ್ನೆ ತುಂಬಿತು, ಸಂಜೆಯ ಜ್ವರ ನಿಂತಿತು. ಜಡೆ ಒಂದು ಹಿಡಿಗೆ ಸಿಗುವಷ್ಟಾಯಿತು. ಆಮೇಲೆ ಮನೆಗೆ ಯಾರೇ ನೆಂಟರು ಬರಲಿ, ಅಜ್ಜಿ ನನ್ನನ್ನು ಕರೆದು ಅವರ ಮುಂದೆ ನಿಲ್ಲಿಸಿ, ವಿಭೂತಿ ಮೆತ್ತಿದ ಹೆಬ್ಬೆರಳಲ್ಲಿ ನನ್ನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ಒಳಗಿನ ಕೆಂಪು ತೋರಿಸುತ್ತಿದ್ದಳು. "ನೋಡಿ, ಬಂದಾಗ ಸುಣ್ಣದಂಗಿತ್ತು" ಅನ್ನುತ್ತಿದ್ದಳು. ನೆಂಟರು ಬಗ್ಗಿ ನೋಡುವರು. ನನ್ನ ಕಣ್ಣಿಗೆ ವಿಭೂತಿ ಬಿದ್ದು ನೀರು ಬರುವುದು.

ಅಜ್ಜಿ ದೇವತೆಯಾಗಿದ್ದಳು ಎಂದು ನಾನು ಬರೆದರೆ ಆ ಊರಿನಲ್ಲಿ ಇನ್ನೂ ಉಳಿದಿರುವ ನಾಲ್ಕು ಮುದುಕಿಯರು ನಕ್ಕಾರು. ಅಜ್ಜಿ ಬಾಯಿ ಬಿಟ್ಟರೆ ಎದುರಿದ್ದವರಿಗೆ ಚುಚ್ಚದೆ ಮುಚ್ಚುತ್ತಿರಲಿಲ್ಲ. ಊರಲ್ಲಿ ಯಾರಿಗೆ ಕೆಮ್ಮು ಬಂದರೂ ಮೊದಲು ಕೇಳುವುದು "ಯಾನ ತಿಂದೆ" ಎಂದು. ಎರಡನೆಯದಾಗಿ ಹೇಳುವುದು "ಅದ್ಕೇ ಮತ್ತೆ". ಮಕ್ಕಳಿಗೆ ಹೊಟ್ಟೆನೋವೆಂದು ಬಂದ ತಾಯಂದಿರನ್ನು ಕೂರಿಸಿಕೊಂಡು, ಅವರ ಅಡುಗೆಮನೆಯ ಮಾನ ಕಳೆದು, ಕೊನೆಗೆ ಒಂದು ಲೋಟ ಓಂಕಾಳಿನ ಕಷಾಯ ಕೊಟ್ಟು ಕಳಿಸುವಳು. ಒಮ್ಮೆ ನಮ್ಮ ಸಿಸ್ಟರ್ ಸಮತೋಲನ ಆಹಾರದ ಚಿತ್ರ ಬರೆದು ತರಲು ಹೇಳಿದ್ದರು. ಪುಸ್ತಕ ನೋಡಿಕೊಂಡು ಸೇಬು, ಕ್ಯಾರೆಟ್ಟು, ಬ್ರೆಡ್ಡು, ಮೊಟ್ಟೆ ಬರೆದೆ. ಲಿಂಗ ಕಟ್ಟಿದ ಮನೆ, ಮೊಟ್ಟೆಯ ಮೇಲೆ ಕೈ ಅಡ್ಡ ಇಟ್ಟುಕೊಂಡೇ ಬಣ್ಣ ಹಚ್ಚಿದೆ. ಅಜ್ಜಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಇದ್ರಲ್ಲಿ ನಮ್ಮೂರ್ದು ಯಾವ್ದಮ್ಮಿ?" ಎಂದು ಕೇಳಿದಳು. ನಾನು ಹುಡುಕಿ, ಯಾವುದೂ ಇಲ್ಲ ಅಂದೆ. "ಹಂಗಾರೆ ನಿಮ್ಮ ಸಿಸ್ಟರಮ್ಮಂಗೆ ಹೇಳು, ನಮ್ಮೂರಲ್ಲಿ ಯಾರೂ ಬದ್ಕಿಲ್ಲ ಅಂತ" ಅಂದಳು.

ಇಂಥ ಮನೆಗೆ ಚಿಕ್ಕಮ್ಮ ಸೊಸೆಯಾಗಿ ಬಂದರು. ನಂಜನಗೂಡಿನ ಪೇಟೆಯ ಹುಡುಗಿ, ಚಿಕ್ಕಪ್ಪನಿಗಿಂತ ಎತ್ತರ. ಕುಕ್ಕರು, ಮಿಕ್ಸಿ, ಗ್ಯಾಸ್ ಒಲೆ ಎಲ್ಲ ಅವರ ಜೊತೆಗೇ ಬಂದವು. ಮೊದಲ ಸಲ ತವರಿಗೆ ಹೋಗಿ ಬರುವಾಗ ಒಂದು ಬುಟ್ಟಿ ಹೂಕೋಸು ತಂದರು. ಆಗ ಕಡುಬೇಸಿಗೆ. ಅಜ್ಜಿ ಬುಟ್ಟಿಯನ್ನು ನೋಡಿದಳು, ಎತ್ತಿಕೊಂಡು ಕೊಟ್ಟಿಗೆಗೆ ಹೋದಳು, ಒಂದೊಂದೇ ಹೂವನ್ನು ಹಸುವಿನ ಮುಂದಿಟ್ಟಳು. ತಮ್ಮ ಅಪ್ಪ ಆರಿಸಿ ಕೊಟ್ಟ ತರಕಾರಿಯನ್ನು ಹಸು ಕಚಕಚ ಅಗಿಯುವುದನ್ನು ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡಿದರು. ಅಳಲಿಲ್ಲ. ಪಕ್ಕದಲ್ಲಿದ್ದ ನನ್ನ ತಲೆಯ ಮೇಲೆ ಕೈಯಿಟ್ಟು, "ನಿಮ್ಮಜ್ಜಿಗೆ ಹೇಳು, ಹಸೂಗಾದ್ರೂ ರುಚಿ ಗೊತ್ತಲ್ಲ ಅಂತ ಸಂತೋಷವಾಯ್ತು" ಅಂದರು. ಅಜ್ಜಿ ಮೂರು ಹೆಜ್ಜೆ ಆಚೆ ನಿಂತಿದ್ದಳು. ಆದರೂ ನನ್ನ ಕಡೆಯೇ ತಿರುಗಿ, "ನಂಜನಗೂಡ್ನೋಳ್ಗೆ ಹೇಳು, ಹಸಕ್ಕೆ ನಾಳೆ ಹೊಟ್ಟೆ ಕೆಟ್ರೆ ಸಗಣಿ ಅವ್ಳೇ ಬಾಚ್ಲಿ" ಅಂದಳು. ಆ ದಿನ ಶುರುವಾದದ್ದು ಮತ್ತೆ ನಿಲ್ಲಲಿಲ್ಲ.

ಅತ್ತೆ ಸೊಸೆ ಮಾತು ಬಿಟ್ಟ ಮನೆಗಳನ್ನು ನೀವೂ ಕಂಡಿರುತ್ತೀರಿ. ನಮ್ಮಲ್ಲಿ ಮಾತು ನಿಲ್ಲಲಿಲ್ಲ, ನನ್ನ ಮೂಲಕ ಹರಿಯಿತು ಅಷ್ಟೆ. ಉಪ್ಪು ಮುಗಿದಿದೆ ಎನ್ನುವುದರಿಂದ ಹಿಡಿದು ತಿಥಿಗೆ ಯಾರನ್ನು ಕರೆಯಬೇಕು ಎನ್ನುವುದರವರೆಗೆ ಎಲ್ಲವೂ "ನಿಮ್ಮಜ್ಜಿಗೆ ಹೇಳು", "ಅವ್ಳಿಗೆ ಹೇಳಮ್ಮಿ". ಅತ್ತೆ ಎಂಬ ಮಾತನ್ನು ಚಿಕ್ಕಮ್ಮನ ಬಾಯಿಂದ ನಾನು ಒಂದು ಸಲವೂ ಕೇಳಿದ್ದಿಲ್ಲ. ಕಾನ್ವೆಂಟಿನಲ್ಲಿ ಕಲಿತ ಗುಣಕ್ಕೆ ನಾನು ಎರಡೂ ಕಡೆಯ ಮಾತಿಗೆ ದಯವಿಟ್ಟು, ಕ್ಷಮಿಸಿ ಎಲ್ಲ ಸೇರಿಸಿ ನಯ ಮಾಡಿ ಸಾಗಿಸುತ್ತಿದ್ದೆ. ನಾನು ಸ್ಕೂಲಿಗೆ ಹೋದಾಗ ಅವರು ಗೋಡೆಗೆ, ಬೆಕ್ಕಿಗೆ, ಕೊಟ್ಟಿಗೆಯ ಕರುವಿಗೆ ಹೇಳಿಕೊಳ್ಳುತ್ತಿದ್ದರಂತೆ, ಇನ್ನೊಬ್ಬರಿಗೆ ಕೇಳಿಸಲಿ ಎಂದು. ಅಡುಗೆಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು. ಸೌದೆ ಒಲೆಯಲ್ಲಿ ಅಜ್ಜಿಯ ಅಡುಗೆ, ಅದೇ ಮನೆಯ ಅಡುಗೆ. ಮೂಲೆಯ ಗ್ಯಾಸಿನ ಮೇಲೆ ಚಿಕ್ಕಮ್ಮ ತನಗೆ ಬೇಕಾದ ಟೊಮೊಟೊ ಗೊಜ್ಜು, ಕೋಸಿನ ಪಲ್ಯ ಮಾಡಿಕೊಳ್ಳುವರು. ಸೊಪ್ಪು ಅವರು ಮುಟ್ಟುತ್ತಿರಲಿಲ್ಲ. "ದನದ ಮೇವು" ಅನ್ನುವರು. ಸೋಸಿದ ಸೊಪ್ಪಿನಲ್ಲಿ ಹುಳ ಕಂಡರೆ ಅದನ್ನು ಜೋಪಾನವಾಗಿ ಎತ್ತಿ ಅಜ್ಜಿಯ ಊಟದ ತಟ್ಟೆಯ ಅಂಚಿನ ಮೇಲೆ ಇಡುವರು. ಅಜ್ಜಿ ಅದನ್ನು ಬೆರಳಲ್ಲಿ ಚಿಮ್ಮಿ, "ಹುಳ ತಿನ್ನೋದನ್ನ ಮನುಷ್ಯ ತಿನ್ಬೋದು ಕಣಮ್ಮಿ, ಹುಳವೇ ಬ್ಯಾಡ ಅಂದದ್ದನ್ನ ತಿನ್ನೋವ್ರು ನೋಡ್ಕಬೇಕು" ಅನ್ನುವಳು. ಚಿಕ್ಕಪ್ಪ ಮಹದೇವಸ್ವಾಮಿ ಮಾತ್ರ ಎರಡೂ ಒಲೆಯದನ್ನು ಉಂಡು ಎರಡನ್ನೂ ಹೊಗಳದೆ ಎದ್ದುಹೋಗುವರು.

ಈ ಜಗಳ ಊಟದ್ದೆಂದು ನನಗೆ ಆಗ ಅನ್ನಿಸುತ್ತಿತ್ತು. ಈಗ ತಿಳಿಯುತ್ತದೆ, ಅದು ಒಲೆಯದು. ತಾತ ಸತ್ತ ಮೇಲೆ ಹೊಲ ಚಿಕ್ಕಪ್ಪನ ಮಾತಿಗೆ ಹೋಗಿತ್ತು, ಹಾಲಿನ ವ್ಯವಹಾರ ಡೇರಿಗೆ ಹೋಗಿತ್ತು. ಅಜ್ಜಿಗೆ ಉಳಿದದ್ದು ಮೂರು ಗುಂಡಿನ ಆ ಸೌದೆ ಒಲೆ. ಯಾರು ಏನು ಉಣ್ಣಬೇಕು, ಯಾರ ಮೈಗೆ ಯಾವುದು ಒಗ್ಗುತ್ತದೆ ಎಂದು ಹೇಳುವ ಹಕ್ಕು ಅಲ್ಲಿ ಅವಳದು. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಬಂದು ಆ ಒಲೆಗೆ ವಿಭೂತಿಯ ಮೂರು ಬೆರಳು ಎಳೆದು ಬೆಂಕಿ ಕೂಡಿಸುವಾಗ ಅವಳ ಮುಖದಲ್ಲಿ ಒಂದು ಗತ್ತು ಇರುತ್ತಿತ್ತು. ಬೆರಕೆ ಸೊಪ್ಪಿನ ಬಸ್ಸಾರಿನ ದಿನವಂತೂ ಹೇಳುವುದೇ ಬೇಡ. ಸೊಪ್ಪು, ಕಾಳು ಬೇಯಿಸಿ ಬಸಿದು, ಕಡು ಹಸಿರು ಕಟ್ಟನ್ನು ಅಗಲವಾದ ಪಾತ್ರೆಯಲ್ಲಿ ಹಿಡಿದು, ಸುಟ್ಟ ಈರುಳ್ಳಿ ಬೆಳ್ಳುಳ್ಳಿ ಜೊತೆ ಒಂದು ಹಿಡಿ ಬೆಂದ ಸೊಪ್ಪನ್ನೂ ಹಾಕಿ ಒರಳಲ್ಲಿ ರುಬ್ಬುವಳು. ರುಬ್ಬುವ ಮುಂಚೆ ನನಗೊಂದು ಲೋಟ ಬರೀ ಕಟ್ಟು, ಉಪ್ಪು ಬೆರೆಸಿ. ತಾನೂ ಒಂದು ಲೋಟ. ಸೊಪ್ಪಿನ ಸತ್ವವೆಲ್ಲ ಇಳಿದಿರುವುದು ಇದರಲ್ಲೇ, ಇದನ್ನು ಚರಂಡಿಗೆ ಚೆಲ್ಲುವವರು ಸೊಪ್ಪಿನ ಸಿಪ್ಪೆ ತಿಂದ ಹಾಗೆ ಎಂದು ನಂಜನಗೂಡಿನ ಕಡೆ ನೋಡದೆ ನಂಜನಗೂಡಿಗೆ ಕೇಳಿಸುವ ಹಾಗೆ ಹೇಳುವಳು.

ಆ ಸೊಪ್ಪನ್ನು ಯಾರೂ ಬೆಳೆಯುತ್ತಿರಲಿಲ್ಲ, ಯಾರೂ ಮಾರುತ್ತಿರಲಿಲ್ಲ. ರಾಗಿ ಸಾಲಿನ ನಡುವೆ, ಜೋಳದ ಬುಡದಲ್ಲಿ, ಬದುವಿನ ಅಂಚಿನಲ್ಲಿ ತಾನೇ ಹುಟ್ಟಿದ್ದು. ಯಾರ ಹೊಲವಾದರೂ ಸರಿ, ಹೆಂಗಸರು ಮಡಿಲು ಕಟ್ಟಿಕೊಂಡು ಇಳಿದರೆ ಹೊಲದವರು ಬೇಡ ಅನ್ನುತ್ತಿರಲಿಲ್ಲ. ಸೊಪ್ಪಿಗೆ ಒಡೆಯರಿಲ್ಲ ಎನ್ನುವುದು ನಮ್ಮ ಕಡೆಯ ನಡತೆ. ಆದರೆ ಒಂದು ವರ್ಷ ಚಿಕ್ಕಪ್ಪ ಮನೆಯ ಮುಂದಿನ ರಾಗಿ ಹೊಲಕ್ಕೆ ಚೆಂಡುಹೂವು ಹಾಕಿದರು. ಬಣ್ಣ ತೆಗೆಯಲು ಹೂವು ಕೊಳ್ಳುವವರು ಬೀಜವನ್ನೂ ಕೊಟ್ಟು, ಔಷಧಿಯನ್ನೂ ಕೊಟ್ಟು ಹೋಗಿದ್ದರು. ತಿನ್ನಲಾಗದ್ದನ್ನು ಉಣ್ಣುವ ರಾಗಿಯ ಹೊಲಕ್ಕೆ ಹಾಕಿದವನು ತನ್ನ ಮಗನೇ ಎಂದು ಅಜ್ಜಿ ಸುಮಾರು ದಿನ ಗೊಣಗಿದಳು. ಹೂವು ಬಿಟ್ಟಾಗ ಮೆಟ್ಟಿಲ ಮೇಲೆ ನಿಂತರೆ ಕಣ್ಣು ಕುಕ್ಕುವ ಹಳದಿ. ಬುಡದಲ್ಲಿ ಮಾತ್ರ ಹಿಂದಿನ ಹಾಗೆಯೇ ಅಣ್ಣೆ, ಗಣಿಕೆ ಹುಟ್ಟಿಕೊಂಡಿದ್ದವು. ನೀರು, ಗೊಬ್ಬರ ಕಂಡಿದ್ದರಿಂದ ಹಿಂದಿಗಿಂತ ಸೊಂಪಾಗಿ.

ಅದೊಂದು ಶನಿವಾರ, ನನಗೆ ಅರ್ಧ ದಿನದ ಸ್ಕೂಲು. ಆಮೇಲೆ ಎಲ್ಲರ ಬಾಯಿಂದ ಕೇಳಿ ನಾನು ಕೂಡಿಸಿಕೊಂಡದ್ದು ಇಷ್ಟು. ಚಿಕ್ಕಪ್ಪ ನಸುಕಿನಲ್ಲೇ ಹೂವಿಗೆ ಔಷಧಿ ಹೊಡೆದು, ಕೈಕಾಲು ತೊಳೆದು, ಯಾವುದೋ ಕೆಲಸಕ್ಕೆ ಗುಂಡ್ಲುಪೇಟೆಗೆ ಹೊರಟರು. ಅಜ್ಜಿ ಪೂಜೆಯಲ್ಲಿದ್ದಳು, ಆಗ ಅವಳನ್ನು ಯಾರೂ ಮಾತಾಡಿಸುವಂತಿಲ್ಲ. ಹಾಗಾಗಿ, ಹೂವಿನ ಹೊಲಕ್ಕೆ ಯಾರೂ ಇಳಿಯುವುದು ಬೇಡ, ಅವ್ವನಿಗೆ ಹೇಳಿಬಿಡು ಎಂದು ಹೆಂಡತಿಗೆ ಹೇಳಿ ಹೋದರು. ನಾನು ವ್ಯಾನು ಹತ್ತಿ ಆಗಿತ್ತು. ಅಜ್ಜಿ ಪೂಜೆ ಮುಗಿಸಿ ಹಿತ್ತಲಿಗೆ ಹೋದಳು, ಅಲ್ಲಿಂದ ಬುಟ್ಟಿ ಹಿಡಿದು ಹೊಲಕ್ಕೆ ಇಳಿದಳು. ಮಧ್ಯಾಹ್ನ ನಾನು ಬಂದಾಗ ಮನೆ ತುಂಬ ಬಸ್ಸಾರಿನ ಘಮ. ಅಜ್ಜಿ ನನಗಾಗಿ ಒಂದು ಲೋಟ ಕಟ್ಟು ಎತ್ತಿಟ್ಟಿದ್ದಳು, ತಾನು ಎರಡು ಲೋಟ ಕುಡಿದಾಗಿತ್ತು. ನಾನೂ ಪೇಟೆಯಿಂದ ಬಂದ ಚಿಕ್ಕಪ್ಪನೂ ಮುದ್ದೆ ಮುರಿದು ಉಂಡೆವು. ಸೊಪ್ಪು ಎಲ್ಲಿಯದೆಂದು ಅವರು ಕೇಳಲಿಲ್ಲ, ಹೇಳಿದ್ದಾಗಿದೆ ಅಂದುಕೊಂಡಿದ್ದರು. ಚಿಕ್ಕಮ್ಮ ಎಂದಿನಂತೆ ತನ್ನ ಗೊಜ್ಜಿನಲ್ಲಿ ಅನ್ನ ಕಲಸಿಕೊಂಡರು.

ಇನ್ನೂ ಬಿಸಿಲು ಇಳಿದಿರಲಿಲ್ಲ, ನನ್ನ ಬಾಯಲ್ಲಿ ಜೊಲ್ಲು ತುಂಬಿತು. ಆಮೇಲೆ ವಾಂತಿ. ಚಿಕ್ಕಪ್ಪ ಗೋಡೆ ಹಿಡಿದು ಕೂತರು. ಅಜ್ಜಿ ಒಲೆಯ ಮುಂದೆಯೇ ಉರುಳಿದ್ದಳು, ಮೈಯೆಲ್ಲ ಬೆವರು, ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಚಿಕ್ಕಮ್ಮ ಬರಿಗಾಲಲ್ಲಿ ರಸ್ತೆಗೆ ಓಡಿ, ಕೈ ಅಡ್ಡ ಹಾಕಿ, ಕೇರಳಕ್ಕೆ ತರಕಾರಿ ಹೊತ್ತು ಹೋಗುತ್ತಿದ್ದ ಒಂದು ಟೆಂಪೋ ನಿಲ್ಲಿಸಿದರು. ಅದನ್ನು ನಾನು ಇಲ್ಲ ಅನ್ನುವುದಿಲ್ಲ. ನಮ್ಮನ್ನು ಹಿಂದೆ ಮೂಟೆಗಳ ಮೇಲೆ ಮಲಗಿಸಿದರು. ನನ್ನ ಕೆನ್ನೆಗೆ ಗೋಣಿ ಉಜ್ಜುತ್ತಿತ್ತು, ಅದರ ಕಿಂಡಿಯಲ್ಲಿ ಬಿಳಿ ಬಿಳಿಯಾಗಿ ಏನೋ ಕಾಣುತ್ತಿತ್ತು. ಹೂಕೋಸು. ಹೂಕೋಸನ್ನು ಹೊಸ್ತಿಲು ದಾಟಿಸದ ನನ್ನ ಅಜ್ಜಿ ಗುಂಡ್ಲುಪೇಟೆ ಆಸ್ಪತ್ರೆಯವರೆಗೆ ಹೂಕೋಸಿನ ಮೇಲೆ ಮಲಗಿ ಹೋದಳು. ಯಾರೂ ಸಾಯಲಿಲ್ಲ. ಕಟ್ಟು ಹೆಚ್ಚು ಕುಡಿದವರಿಗೆ ಹೆಚ್ಚು ಆಗಿದೆ, ತೊಳೆದರೂ ಹೋಗದ ಔಷಧಿ ಬೇಯುವಾಗ ನೀರಿಗೆ ಇಳಿದಿದೆ ಎಂದು ಡಾಕ್ಟರು ಹೇಳಿದರು. ಸತ್ವ ಇಳಿಯುವ ದಾರಿಯಲ್ಲೇ ವಿಷವೂ ಇಳಿದಿತ್ತು.

ಮಾರನೆಯ ದಿನ ಅಜ್ಜಿಗೆ ಮಾತು ಬಂತು. ಪಕ್ಕದ ಮಂಚದಲ್ಲಿ ನಾನಿದ್ದೆ, ನಡುವೆ ಸ್ಟೂಲಿನ ಮೇಲೆ ಚಿಕ್ಕಪ್ಪ, ಬಾಗಿಲ ಬಳಿ ಚಿಕ್ಕಮ್ಮ ಗಂಜಿಯ ಪಾತ್ರೆ ಹಿಡಿದು ನಿಂತಿದ್ದರು. ಅಜ್ಜಿ ಛಾವಣಿಯನ್ನೇ ನೋಡುತ್ತ, "ಅವ್ಳು ತಿನ್ಲಿಲ್ಲ" ಅಂದಳು. ಮತ್ತೆ, "ಮನೇಲಿ ಎಲ್ರೂ ತಿಂದೊ. ಅವ್ಳೊಬ್ಳು ತಿನ್ಲಿಲ್ಲ" ಅಂದಳು. ಚಿಕ್ಕಪ್ಪ ಹೆಂಡತಿಯ ಕಡೆ ತಿರುಗಿ, ಹೇಳಿದೆಯೋ ಇಲ್ಲವೋ ಎಂದು ಕೇಳಿದರು. ಚಿಕ್ಕಮ್ಮನ ಮುಖ ಬಿಳಿಚಿತ್ತು, ಆದರೆ ತಲೆ ತಗ್ಗಿರಲಿಲ್ಲ.

"ಹೇಳ್ದೆ. ಮಗು ಇರ್ಲಿಲ್ಲ, ಕರೂಗೆ ಹೇಳ್ದೆ. ಹಿತ್ತಲಲ್ಲಿದ್ರು, ಕಿವಿ ಇದ್ದೋರ್ಗೆ ಕೇಳುತ್ತೆ."

"ಕರೂಗೆ ಹೇಳಿದ್ಳಂತೆ" ಎಂದು ಅಜ್ಜಿ ನನ್ನ ಕಡೆ ಹೊರಳಿದಳು. "ಕರ ಬದ್ಕೈತೆ, ನೋಡ್ಕ."

ಚಿಕ್ಕಪ್ಪ ಯಾರಿಗೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ತಾಯಿಯ ಕೈ ಹಿಡಿದುಕೊಂಡು, ಮಗುವಿಗೆ ಹೇಳುವ ಹಾಗೆ ಮೆಲ್ಲಗೆ, "ಇನ್ಮೇಲೆ ನೀನು ಒಲೆ ತಾವಕ್ಕೆ ಹೋಗ್ಬ್ಯಾಡ ಬುಡವ್ವ" ಅಂದರು. ಅಜ್ಜಿ ಕೈ ಬಿಡಿಸಿಕೊಂಡಳು. ಗಂಜಿ ಬಂದಾಗ ಕುಡಿಯಲಿಲ್ಲ. ಕುಡಿಸಲು ನನ್ನನ್ನೇ ಎಬ್ಬಿಸಬೇಕಾಯಿತು.

ಆಸ್ಪತ್ರೆಯಿಂದ ಬಂದಾಗ ಸೌದೆ ಒಲೆಯ ಬೂದಿ ಗೋರಿ ಸಾರಿಸಿದ್ದರು. ಅದರ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಮಿಕ್ಸಿ. ಅದಾದ ಮೇಲೆ ಅಜ್ಜಿ ಅಡುಗೆಮನೆಯ ಹೊಸ್ತಿಲ ಈಚೆ ಗೋಡೆಗೊರಗಿ ಕೂರುವಳು. ಒಳಗೆ ಕುಕ್ಕರು ಕೂಗುವುದು. ಮೂಗರಳಿಸಿ, "ಕೋಸು" ಅನ್ನುವಳು, ಅಥವಾ "ಪುಡಿ ಹಾಕವ್ಳೆ". ಬೇರೆ ಏನೂ ಇಲ್ಲ. ತಟ್ಟೆ ಬಂದರೆ ಪಲ್ಯವನ್ನು ಪಕ್ಕಕ್ಕೆ ಸರಿಸಿ, ಮುದ್ದೆಯನ್ನು ಮಜ್ಜಿಗೆ ಉಪ್ಪಿನಲ್ಲಿ ನುಂಗುವಳು. ಚಿಕ್ಕಮ್ಮ ಆ ಪಲ್ಯವನ್ನು ಮರುದಿನವೂ ಬಡಿಸುವರು, ಅಜ್ಜಿ ಮರುದಿನವೂ ಸರಿಸುವಳು. ಊರಿನ ತಾಯಂದಿರು ಹೊಟ್ಟೆನೋವೆಂದು ಬರುವುದು ನಿಂತಿತು. ಮನೆಯವರಿಗೇ ವಿಷ ಉಣ್ಣಿಸಿದ ಮುದುಕಿ ಎಂದು ಯಾರೋ ಅಂದದ್ದು ಅವಳ ಕಿವಿಗೂ ಬಿದ್ದಿತು. ನನ್ನ ಕೆನ್ನೆಗಳು ಒಳಗೆ ಹೋದವು. ಅದು ಕೋಸಿನ ದೋಷವೋ, ದಿನಾ ಆ ಹೊಸ್ತಿಲನ್ನು ದಾಟಿ ಊಟ ತರಬೇಕಾದ್ದರ ದೋಷವೋ ಹೇಳಲಾರೆ. ನೆಂಟರು ಬಂದರೂ ಅಜ್ಜಿ ನನ್ನ ಕಣ್ಣಿನ ರೆಪ್ಪೆ ಎಳೆಯಲಿಲ್ಲ. ಅಪ್ಪನಿಗೆ ಚಾಮರಾಜನಗರಕ್ಕೆ ವರ್ಗವಾಗಿ ನನ್ನನ್ನು ಕರೆದುಕೊಂಡು ಹೋಗಲು ಬಂದ ದಿನ, ಮಾತು ಸಾಗಿಸಲು ಇನ್ನು ಯಾರೂ ಇಲ್ಲ ಎಂದು ನನಗೆ ನಾವು ಹತ್ತಿದ ವ್ಯಾನು ರಸ್ತೆಗೆ ತಿರುಗುವಾಗ ಹೊಳೆಯಿತು. ಆಮೇಲಿನ ವರ್ಷಗಳಲ್ಲಿ ಆ ಇಬ್ಬರು ಹೆಂಗಸರು ಒಂದೇ ಮಾಡಿನ ಕೆಳಗೆ ಹೇಗೆ ಬದುಕಿದರೋ. ಒಂದು ಅವರೆಕಾಲದಲ್ಲಿ ಅಜ್ಜಿ ಹೋದಳು. ಸುದ್ದಿ ತಿಳಿದು ನಾವು ಹೋದಾಗ ಊರೆಲ್ಲ ಸೊಗಡಿನ ವಾಸನೆ, ನಮ್ಮ ಮನೆ ಒಂದು ಬಿಟ್ಟು.

ಈಗ ಆ ಮನೆ ಇಲ್ಲ. ಚಿಕ್ಕಪ್ಪ ಆರ್‌ಸಿಸಿ ಕಟ್ಟಿಸಿದ್ದಾರೆ, ಮುಂದಿನ ಹೊಲದಲ್ಲಿ ಬಾಳೆ ಇದೆ. ಕೊಟ್ಟಿಗೆಯಿಂದ ಹಿತ್ತಲಿಗೆ ಮಾತು ಕೇಳಿಸುತ್ತಿತ್ತೋ ಇಲ್ಲವೋ ಎಂದು ನಿಂತು ನೋಡಲು ಕೊಟ್ಟಿಗೆಯೂ ಉಳಿದಿಲ್ಲ, ಹಿತ್ತಲೂ ಉಳಿದಿಲ್ಲ. ಅಜ್ಜಿ ಸಾಯುವವರೆಗೆ ನಂಬಿದ್ದೇನು ಎಂದು ನನಗೆ ಗೊತ್ತು. ನಾನು ಅವಳ ಮೊಮ್ಮಗಳು, ಅದನ್ನೇ ನಂಬಿಕೊಂಡು ಬಂದೆ. ಮದುವೆ ಮುಂಜಿಗಳಲ್ಲಿ ಚಿಕ್ಕಮ್ಮನ ಕಾಲಿಗೆ ನಮಸ್ಕರಿಸಿದ್ದೇನೆ, ಅವರ ಪಕ್ಕದಲ್ಲಿ ಕೂತು ಉಂಡಿದ್ದೇನೆ, ಒಂದು ಸಲವೂ ಮುಖ ಎತ್ತಿ ನೋಡಿಲ್ಲ.

ಗುರುವಾರ ಅವರು ಜಗಲಿಯಲ್ಲಿ ಕೂತು ಸೊಪ್ಪು ಸೋಸುವಷ್ಟು ಹೊತ್ತೂ ನಾನು ಒಳಗೇ ಇದ್ದೆ. ಮಾಡಲು ಕೆಲಸವಿಲ್ಲದಿದ್ದರೂ ಮಿಕ್ಸಿಯಲ್ಲಿ ನಾಳೆಯ ಚಟ್ನಿಪುಡಿ ತಿರುವಿದೆ, ಅವರ ಜೊತೆ ಕೂರಬೇಕಾದೀತೆಂದು. ಸೋಸಿದ ಸೊಪ್ಪು ತಂದುಕೊಟ್ಟರು, ಬೇರಿನ ಚೂರೂ ಇರಲಿಲ್ಲ, ಒಂದು ಹುಳವೂ ಇರಲಿಲ್ಲ. ನೀರು ಬದಲಾಯಿಸುತ್ತ ಮತ್ತೆ ಮತ್ತೆ ತೊಳೆದೆ, ಅವರು ನೋಡುತ್ತಿರುವಾಗಲೇ. ಬೇಕೆಂದೇ. ಕಾಳಿನ ಜೊತೆ ಬೇಯಿಸಿದೆ. ಬಸಿದೆ. ಕಟ್ಟು ಪಾತ್ರೆಗೆ ಇಳಿದಾಗ ಅದೇ ಕಡು ಹಸಿರು, ಮೇಲೆ ಅದೇ ಸಣ್ಣ ನೊರೆ. ಚಿಕ್ಕಮ್ಮ ಲೋಟ ಚಾಚಿದರು. ದನದ ಮೇವು ಎಂದು ಮುಟ್ಟದವರು ಉಪ್ಪು ಹಾಕಿಕೊಂಡು ನಿಂತಲ್ಲೇ ಕುಡಿದು, ಸೆರಗಿನಲ್ಲಿ ಬಾಯೊರೆಸಿಕೊಂಡರು. ಊಟಕ್ಕೆ ಕೂತಾಗ ಅವರದೇ ಮಾತು. ಕಳೆದ ಸಲಕ್ಕಿಂತ ಸಕ್ಕರೆ ಇಳಿದಿದೆಯಂತೆ. ಡಬ್ಬಿಯದು, ಪ್ಯಾಕೆಟ್ಟಿನದು ಬಿಡಿ, ಆಯಾ ಕಾಲದಲ್ಲಿ ಸುತ್ತಮುತ್ತ ಬೆಳೆದದ್ದನ್ನು ತಾಜಾ ಇದ್ದಾಗ ಅಡುಗೆ ಮಾಡಿ ತಿನ್ನಿ, ಸೊಪ್ಪಿನಲ್ಲಿರುವ ನಾರು, ಕಬ್ಬಿಣ ಮಾತ್ರೆಯಲ್ಲಿ ಎಲ್ಲಿ ಬರುತ್ತದೆ ಎಂದು ಡಾಕ್ಟರು ಹೇಳಿದರಂತೆ. ಮಳೆಗಾಲದಲ್ಲಿ ಇಂಥದ್ದು, ಬೇಸಿಗೆಯಲ್ಲಿ ಇಂಥದ್ದು ಎಂದು ಅವರು ಬೆರಳು ಮಡಿಸಿ ಹೇಳುತ್ತ ಹೋದರು. ಅದೆಲ್ಲ ನನಗೆ ಹೊಸದೇ? ಆ ಮಾತನ್ನು ಆಡಿದ ಬಾಯಿಗೆ ನೀವು ಹೊಸ್ತಿಲ ಈಚೆ ಜಾಗ ತೋರಿಸಿದಿರಿ ಎನ್ನಲು ಹೋಗಿ, "ಇನ್ನೊಂಚೂರು ಸಾರು ಹಾಕ್ಲಾ?" ಎಂದು ಕೇಳಿದೆ. ಹಾಕಿಸಿಕೊಂಡರು. ನಾಲಿಗೆಯ ಮೇಲೆ ಇಟ್ಟು ನೋಡಿ, "ಅವರದ್ದು ಇನ್ನೊಂಚೂರು ಕಹಿ ಇರ್ತಿತ್ತು" ಅಂದರು. ನಿಮಗೆ ಹೇಗೆ ಗೊತ್ತು, ನೀವು ತಿಂದವರಲ್ಲವಲ್ಲ ಎಂದು ಕೇಳಬಹುದಿತ್ತು. ಮಜ್ಜಿಗೆ ತರಲು ಎದ್ದೆ. ಸಂಜೆಯ ಮುಂಚೆ ಬಸ್‌ಸ್ಟ್ಯಾಂಡಿಗೆ ಬಿಟ್ಟುಬಂದೆ. ಕಿಟಕಿಯಲ್ಲಿ ಕೂತವರಿಗೆ ಹೋಗಿಬನ್ನಿ ಅಂದೆ, ಮತ್ತೆ ಬನ್ನಿ ಅನ್ನಲಿಲ್ಲ. ಅದನ್ನು ಅವರು ಗಮನಿಸಿದರು ಎಂದು ಅವರ ಕಣ್ಣು ನೋಡಿ ಗೊತ್ತಾಯಿತು. ಮನಸ್ಸಿಗೆ ಒಂದು ಸಣ್ಣ ಸಮಾಧಾನವೂ ಆಯಿತು.

ಮನೆಗೆ ಬಂದಾಗ ನಾಗಮ್ಮನವರು ಮೋಟುಗೋಡೆಯ ಮೇಲೆ ಒಣಹಾಕಿದ್ದ ಸೀರೆ ಎಳೆದುಕೊಳ್ಳುತ್ತಿದ್ದರು. ಹೊರಟ್ರಾ ನಿಮ್ಮ ಚಿಕ್ಕಮ್ಮ ಎಂದು ಕೇಳಿದರು. ಹೂಂ ಅಂದು ಬೀಗಕ್ಕೆ ಕೈ ಹಾಕಿದೆ. ಅವರು ಸೀರೆಯ ಮಡಿಕೆ ಸರಿಮಾಡುತ್ತಲೇ, ಹಾಗೇ ಹೇಳಿದರು.

"ಇನ್ಯಾರೋ ವಯಸ್ಸಾದೋರೂ ಬಂದವ್ರೇನೋ ಅನ್ಕಂಡೆ ಕಣಮ್ಮ ನಾನು. ಬೆಳಿಗ್ಗೆ ಸೊಪ್ಪು ಸೋಸ್ತಾ ನಿಮ್ಮ ಚಿಕ್ಕಮ್ಮ, 'ಅತ್ತೆ, ಇದು ಔಷ್ದಿ ಒಡ್ದಿರೋದಲ್ಲ, ನಾನೇ ನಿಂತು ನೋಡಿ ಕಿತ್ಕಂಡು ಬಂದಿವ್ನಿ' ಅಂತ ಜೋರಾಗೇ ಹೇಳ್ತಿದ್ರು. ಒಂದ್ಸಲ ಅಲ್ಲ, ಮತ್ತೆ ಮತ್ತೆ. ಒಳಗಿಂದ ಒಬ್ರೂ ಓ ಅನ್ನಲಿಲ್ಲ. ಕಿವಿ ಕೇಳಲ್ವೇನೋ ಪಾಪ ಅನ್ಕಂಡು, ನಾನು ಕೊಡ ಎತ್ಕಂಡು ಒಳಕ್ ಹೋದೆ."